43 ಸೆಕೆಂಡಿನ ಸರದಾರರು: ಗುಂಪಿನಲ್ಲಿ ಮಿಂಚಿದ ರ‍್ಯಾಪರ್‌ಗಳು ಒಂಟಿಯಾಗಿ ತಾರೆಗಳಾಗದೆ ಉಳಿಯುವುದೇಕೆ?

2024ರ ಆಗಸ್ಟ್ ಆರಂಭದಲ್ಲಿ ಬಿಗ್ ಬಾಸ್ ಒಟಿಟಿಯ ಮೂರನೆಯ ಆವೃತ್ತಿ ಮುಗಿದಾಗ ಎರಡನೆಯ ಸ್ಥಾನದಲ್ಲಿ ನಿಂತಿದ್ದವರು ಕುರ್ಲಾದ ರ‍್ಯಾಪರ್ ನೇಝಿ. ಕಾರ್ಯಕ್ರಮ ನೋಡಿದ ಬಹಳ ಮಂದಿಗೆ ಅವರ ಪರಿಚಯವನ್ನು ಹೊಸದಾಗಿ ಹೇಳಬೇಕಾಯಿತು: 2019ರ 'ಗಲ್ಲಿ ಬಾಯ್' ಚಿತ್ರಕ್ಕೆ ಸ್ಫೂರ್ತಿಯಾದ ಇಬ್ಬರಲ್ಲಿ ಇವರೊಬ್ಬರು ಎಂದು. ಇನ್ನೊಬ್ಬರು ಅಂಧೇರಿಯ ಡಿವೈನ್. ಅವರಿಗೆ ಅಷ್ಟು ಹೊತ್ತಿಗೆ ಪರಿಚಯ ಬೇಕಾಗಿರಲಿಲ್ಲ. ಸ್ವಂತ ಸಂಸ್ಥೆ, ಸಾಲುಸಾಲು ಆಲ್ಬಮ್, ದೊಡ್ಡ ವೇದಿಕೆಗಳು ಎಲ್ಲವೂ ಇದ್ದವು. 2015ರಲ್ಲಿ ಇಬ್ಬರೂ ಒಂದೇ ಹಾಡಿನಲ್ಲಿ, ಒಂದೇ ಊರಿನ ಗಲ್ಲಿಗಳನ್ನು ಕುರಿತು, ಸರಿಸಮವಾಗಿ ಹಾಡಿ ಹೆಸರಾದವರು. ಒಂಬತ್ತು ವರ್ಷಗಳ ಬಳಿಕ ಒಬ್ಬರು ಸಂಸ್ಥೆ ನಡೆಸುತ್ತಿದ್ದರು, ಇನ್ನೊಬ್ಬರು ಬಿಗ್ ಬಾಸ್ ಮನೆಯೊಳಗೆ ಕುಳಿತು ತಾವು ಯಾರೆಂದು ವಿವರಿಸುತ್ತಿದ್ದರು.

ಇದು ಒಬ್ಬರ ಕಥೆಯಾಗಿದ್ದರೆ ವಿಧಿ ಎಂದು ಬಿಟ್ಟುಬಿಡಬಹುದಿತ್ತು. ಆದರೆ ಮುಂಬಯಿ, ಪುಣೆಗಳ ರ‍್ಯಾಪ್ ಗುಂಪುಗಳನ್ನು ಒಂದು ದಶಕದಿಂದ ಗಮನಿಸುತ್ತ ಬಂದವರಿಗೆ ಇದೇ ವಿನ್ಯಾಸ ಮತ್ತೆ ಮತ್ತೆ ಕಾಣಿಸುತ್ತದೆ. ಗುಂಪಿನ ಹಾಡಿನಲ್ಲಿ ಯಾರ ಸರದಿ ಬಂದಾಗ ಜನ ಕೂಗುತ್ತಾರೋ ಆ ಹುಡುಗನ ಸ್ವಂತ ಹಾಡು ಬಂದಾಗ ಯಾರೂ ಕೂಗುವುದಿಲ್ಲ. ಮಾಟುಂಗಾದಿಂದ ಡೊಂಬಿವಲಿವರೆಗಿನ ಕನ್ನಡ ಮನೆಗಳಲ್ಲಿ ಮಕ್ಕಳು ಕಿವಿಗೆ ಸಿಕ್ಕಿಸಿಕೊಂಡು ಕೇಳುವುದೇ ಈ ಸಂಗೀತ. ಹೀಗೇಕೆ ಆಗುತ್ತದೆ ಎಂಬುದಕ್ಕೆ ಅಲ್ಲಿ ಸಿಗುವ ಉತ್ತರ ಎರಡೇ: 'ಅವನಲ್ಲಿ ಸರಕಿರಲಿಲ್ಲ' ಅಥವಾ 'ಕಂಪನಿಯವರು ತುಳಿದರು'. ಎರಡರಲ್ಲೂ ಅರ್ಧ ನಿಜವಿದೆ. ಉಳಿದರ್ಧ ಹೆಚ್ಚು ಸ್ವಾರಸ್ಯಕರ.

ಗಲ್ಲಿಯಿಂದ ಪರದೆಗೆ, ಪರದೆಯಿಂದ ಬೀಗಕ್ಕೆ

ಮುಂಬಯಿಯ ರ‍್ಯಾಪ್ ಮೊದಲಿನಿಂದಲೂ ಗುಂಪಿನ ಕಲೆ. 2000ರ ದಶಕದಲ್ಲಿ ಆರ್ಕುಟ್ ತಾಣದಲ್ಲಿ ಪ್ರಾಸಕ್ಕೆ ಪ್ರಾಸ ಜೋಡಿಸಿ ಜಗಳವಾಡುತ್ತಿದ್ದ ಹುಡುಗರು ಆಮೇಲೆ ಮುಖಾಮುಖಿ ಸೇರಿ ತಂಡ ಕಟ್ಟಿಕೊಂಡರು. ಮುಂಬಯೀಸ್ ಫೈನೆಸ್ಟ್ ಹಾಗೆ ಬೆಳೆದ ಹಳೆಯ ತಂಡ. ಧಾರಾವಿಯಲ್ಲಿ ಡೋಪಡೆಲಿಕ್ಸ್, ಸೆವೆನ್ ಬಂಟಾಯ್ಸ್ ಹುಟ್ಟಿಕೊಂಡವು. ಸ್ವದೇಸಿ ಎಂಬ ತಂಡ ಹಿಂದಿ, ಮರಾಠಿ, ಗುಜರಾತಿಗಳನ್ನು ಒಂದೇ ಹಾಡಿನಲ್ಲಿ ಹೊಸೆಯಿತು. ತಂಡವೇ ಏಕೆ ಎಂಬುದಕ್ಕೆ ಕಾರಣ ಸರಳ. ಮೈಕು ಒಬ್ಬನ ಬಳಿ, ಕಂಪ್ಯೂಟರು ಇನ್ನೊಬ್ಬನ ಬಳಿ, ಕ್ಯಾಮೆರಾ ಮೂರನೆಯವನ ಅಣ್ಣನ ಬಳಿ. ನೇಝಿ 2014ರಲ್ಲಿ ಐಪ್ಯಾಡ್ ಒಂದರಲ್ಲೇ ಹಾಡನ್ನು ಧ್ವನಿಮುದ್ರಿಸಿ ಗಮನ ಸೆಳೆದದ್ದು ಅಪವಾದವಾಗಿದ್ದರಿಂದಲೇ ಸುದ್ದಿಯಾಯಿತು.

2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಡೇಟಾ ಅಗ್ಗವಾಯಿತು. ಗಲ್ಲಿಯ ವಿಡಿಯೋ ಗಲ್ಲಿಯ ಹೊರಗೂ ಓಡಾಡತೊಡಗಿತು. 2019ರ ಫೆಬ್ರವರಿ 14ರಂದು 'ಗಲ್ಲಿ ಬಾಯ್' ತೆರೆಕಂಡಿತು, ಅದೇ ತಿಂಗಳ ಕೊನೆಯಲ್ಲಿ ಸ್ಪಾಟಿಫೈ ಭಾರತಕ್ಕೆ ಬಂತು. ಆ ವರ್ಷವೇ ರಣವೀರ್ ಸಿಂಗ್ ಪಾಲುದಾರರಾಗಿದ್ದ ಸಂಗೀತ ಕಂಪನಿ ಇಂಕ್‌ಇಂಕ್ ಶುರುವಾಯಿತು, ಡಿವೈನ್ ಅವರ ಸಂಸ್ಥೆ ಗಲ್ಲಿ ಗ್ಯಾಂಗ್ ಶುರುವಾಯಿತು, ಅಮೆರಿಕದ ರ‍್ಯಾಪರ್ ನಾಸ್ ಸಹಸ್ಥಾಪಕರಾಗಿರುವ ಮಾಸ್ ಅಪೀಲ್ ಕಂಪನಿ ಯೂನಿವರ್ಸಲ್ ಮ್ಯೂಸಿಕ್ ಜೊತೆಗೂಡಿ ಭಾರತದ ಶಾಖೆ ತೆರೆಯಿತು, ಎಂಟಿವಿಯಲ್ಲಿ 'ಹಸಲ್' ಸ್ಪರ್ಧೆ ಆರಂಭವಾಯಿತು. ಕಾಗದಗಳ ಮೇಲೆ ಸಹಿಗಳು ಬಿದ್ದವು.

ಆಮೇಲೆ 2020ರ ಮಾರ್ಚ್ ಬಂತು, ಕೋವಿಡ್ ಬೀಗವೂ ಬಂತು.

ಚಿತ್ರ ಬಿಡುಗಡೆಯಾದ ದಿನದಿಂದ ದೇಶ ಬೀಗ ಹಾಕಿಕೊಂಡ ದಿನದವರೆಗೆ ಬರೀ ಹದಿಮೂರು ತಿಂಗಳು. ಈ ಅಂತರ ಮುಖ್ಯ. ಹೊಸ ರ‍್ಯಾಪರ್‌ಗೆ ಬದುಕು ಕೊಡುವುದು ಹಾಡಿನ ಆಲಿಕೆಯಲ್ಲ, ವೇದಿಕೆ. ಮೊದಲೇ ಹೆಸರಿದ್ದವರು ಬೀಗದ ಕಾಲವನ್ನು ಆಲ್ಬಮ್ ಬರೆಯಲು ಬಳಸಿಕೊಂಡರು. ಗುಂಪಿನಿಂದ ಆಗಷ್ಟೇ ಹೊರಬಿದ್ದು ಒಂಟಿಯಾಗಿ ಊರೂರು ತಿರುಗಬೇಕಿದ್ದವರಿಗೆ ತಿರುಗಾಟವೇ ನಿಂತುಹೋಯಿತು. ಮಾರುಕಟ್ಟೆ ಮತ್ತೆ ತೆರೆದಾಗ ಕೇಳುಗರ ಗಮನ ಬೇರೆ ಕಡೆಗೆ ಹೊರಳಿತ್ತು. ಒಂದು ಇಡೀ ಸಾಲಿನ ಹುಡುಗರು ಹೀಗೆ ಕಾಲದ ಬಿರುಕಿನಲ್ಲಿ ಬಿದ್ದರು. ಇದನ್ನು ಪ್ರತಿಭೆಯ ಲೆಕ್ಕದಲ್ಲಿ ಬರೆಯುವುದು ಅನ್ಯಾಯ.

ಹದಿನಾರು ಬಾರ್‌ಗಳ ಲೆಕ್ಕ

ಆದರೂ ಕಾಲವೊಂದನ್ನೇ ದೂರಿದರೆ ಸಾಲದು. ಕಸುಬಿನೊಳಗೇ ಒಂದು ತೊಡಕಿದೆ.

ರ‍್ಯಾಪ್‌ನ ಅಳತೆಗೋಲು 'ಬಾರ್'. ಒಂದು ಬಾರ್ ಎಂದರೆ ನಾಲ್ಕು ಬಡಿತಗಳ ಒಂದು ಸುತ್ತು, ನಮ್ಮ ತಾಳದ ಆವರ್ತದಂತೆ. ಗುಂಪಿನ ಹಾಡಿನಲ್ಲಿ ಒಬ್ಬನಿಗೆ ವಾಡಿಕೆಯಾಗಿ ಸಿಗುವುದು ಹದಿನಾರು ಬಾರ್, ಅಂದರೆ 64 ಬಡಿತ. ಬೀಟ್, ಅಂದರೆ ಹಾಡಿನ ಹಿನ್ನೆಲೆ ಸಂಗೀತ, ನಿಮಿಷಕ್ಕೆ 90 ಬಡಿತಗಳದ್ದಾದರೆ ಹೆಚ್ಚುಕಡಿಮೆ 43 ಸೆಕೆಂಡು. ಈ 43 ಸೆಕೆಂಡಿನಲ್ಲಿ ಅವನು ಸಿಡಿಲಿನಂತೆ ಬಂದು ಹೋಗಬೇಕು. ಪ್ರಾಸದ ಮೇಲೆ ಪ್ರಾಸ, ಉಸಿರು ಕಟ್ಟುವ ವೇಗ, ಕೊನೆಗೊಂದು ಪೆಟ್ಟು. ಹತ್ತು ವರ್ಷ ಇದನ್ನೇ ಸಾಣೆ ಹಿಡಿದವನು ಇದರಲ್ಲಿ ಪಳಗುತ್ತಾನೆ.

ಒಂಟಿ ಹಾಡಿಗೆ ಬೇಕಾದದ್ದು ಬೇರೆ. ಎರಡು ಹದಿನಾರು, ನಡುವೆ ಮೂರು ಬಾರಿ ಬರುವ ಎಂಟು ಬಾರ್‌ಗಳ ಪಲ್ಲವಿ ಎಂದು ಹಿಡಿದರೂ ಎರಡೂವರೆ ನಿಮಿಷವಾಗುತ್ತದೆ. ಆ ಪಲ್ಲವಿ, ಅವರ ಮಾತಿನಲ್ಲಿ 'ಹುಕ್', ಗುಂಪಿನಲ್ಲಿ ಸಾಮಾನ್ಯವಾಗಿ ಒಬ್ಬಿಬ್ಬರ ಪಾಲಿನ ಕೆಲಸ. ಹದಿನಾರು ಬಾರ್ ಬರೆಯುವವನು ಅದನ್ನು ಮುಟ್ಟಿಯೇ ಇರುವುದಿಲ್ಲ, ಒಮ್ಮೊಮ್ಮೆ 'ಅದು ಸಿನಿಮಾದವರ ಕೆಲಸ' ಎಂದು ಮೂಗು ಮುರಿದಿರುತ್ತಾನೆ. ಆದರೆ ಕೇಳುಗರು ಬಸ್ಸಿನಲ್ಲಿ ಗುನುಗುವುದು ಹುಕ್ ಅನ್ನೇ. ಹತ್ತು ಹಾಡಿನ ಆಲ್ಬಮ್ ಎಂದಾಗ ಭಾರ ಇನ್ನೂ ಹೆಚ್ಚು: ಹತ್ತು ಬೇರೆ ಬೇರೆ ಮನೋಭಾವ, ಹತ್ತು ಕಡೆ ಬೇರೆ ಬೇರೆ ದನಿ. ಒಂದೇ ರಭಸದಲ್ಲಿ ಹತ್ತು ಹಾಡು ಕೇಳಿದರೆ ಎಂಥ ರಸಿಕನಿಗೂ ತಲೆನೋವು ಬರುತ್ತದೆ.

ತಾಳಮದ್ದಲೆ ಕೇಳಿದವರಿಗೆ ಈ ಕಷ್ಟ ಬೇಗ ಅರ್ಥವಾಗುತ್ತದೆ. ಕೆಲವು ಅರ್ಥಧಾರಿಗಳು ಎದುರಾಳಿಯ ಮಾತಿಗೆ ಮಾತು ಕೊಡುವುದರಲ್ಲಿ ಅಸಾಧ್ಯರು. ಕೃಷ್ಣ ಕೆಣಕಿದಷ್ಟೂ ಕರ್ಣನ ಮಾತು ಹೊಳೆಯುತ್ತದೆ. ಅದೇ ಕಲಾವಿದನಿಗೆ ಎದುರು ಯಾರೂ ಇಲ್ಲದೆ ಒಂದು ಗಂಟೆ ಪೀಠಿಕೆ ಬೆಳೆಸಲು ಕೊಟ್ಟರೆ ಮಾತು ಸೊರಗುತ್ತದೆ. ಸೈಫರ್ ಎಂದು ಕರೆಯುವ ರ‍್ಯಾಪ್ ಕೂಟವೂ ಹಾಗೆಯೇ. ಹಿಂದಿನವನು ಬಿಟ್ಟುಹೋದ ಕಾವಿನ ಮೇಲೆ ಮುಂದಿನವನು ಏರುತ್ತಾನೆ. ಉತ್ತರ ಕರ್ನಾಟಕದ ಹರದೇಶಿ-ನಾಗೇಶಿ ಸವಾಲು-ಜವಾಬಿನಲ್ಲೂ ಸವಾಲಿಲ್ಲದೆ ಜವಾಬಿಗೆ ಹೊಳಪಿಲ್ಲ. ಒಂಟಿಯಾಗಿ ಸ್ಟುಡಿಯೋದಲ್ಲಿ ನಿಂತ ರ‍್ಯಾಪರ್ ತನ್ನ ಎದುರಾಳಿಯನ್ನೂ ತಾನೇ ಬರೆದುಕೊಳ್ಳಬೇಕು. ಡಿವೈನ್‌ಗೆ ಈ ಗುಟ್ಟು ಬೇಗ ಸಿಕ್ಕಿತು. ಅವರ ಒಂಟಿ ಹಾಡುಗಳಲ್ಲಿ ಎದುರಿಗೆ ನಿಂತಿರುವುದು ಕೆಲವೊಮ್ಮೆ ಊರು, ಕೆಲವೊಮ್ಮೆ ದೇವರು, ಕೆಲವೊಮ್ಮೆ ಅವರೇ. ಬರೀ 'ನನ್ನಂಥವನಿಲ್ಲ' ಎಂಬ ಹಾಡಿನಲ್ಲಿ ಎದುರಿಗೆ ಯಾರೂ ಇರುವುದಿಲ್ಲ, ಹಾಗಾಗಿ ಎರಡನೆಯ ಬಾರಿ ಕೇಳಲು ಕಾರಣವೂ ಇರುವುದಿಲ್ಲ.

ಕರಪತ್ರದಲ್ಲಿ ಯಾರ ಹೆಸರು?

ಯಕ್ಷಗಾನ ಮೇಳದ ಕರಪತ್ರ ನೋಡಿ. ಮೇಳದ ಹೆಸರು ಮೇಲೆ ದೊಡ್ಡದಾಗಿ ಇರುತ್ತದೆ, ನಿಜ. ಆದರೆ ಕೆಳಗೆ ಭಾಗವತರಿಂದ ಹಿಡಿದು ಹಾಸ್ಯಗಾರರವರೆಗೆ ಪ್ರತಿಯೊಬ್ಬರ ಹೆಸರೂ ಇರುತ್ತದೆ. ಹಾಗಾಗಿ ಕಲಾವಿದರು ಮುಂದಿನ ತಿರುಗಾಟಕ್ಕೆ ಬೇರೆ ಮೇಳ ಸೇರಿದರೆ ಅಭಿಮಾನಿಗಳೂ ಅವರ ಹಿಂದೆ ಹೋಗುತ್ತಾರೆ.

ರ‍್ಯಾಪ್ ತಂಡದ ಕರಪತ್ರ ಎಂದರೆ ಯೂಟ್ಯೂಬ್ ಚಾನೆಲ್ ಮತ್ತು ಸ್ಟ್ರೀಮಿಂಗ್ ಆ್ಯಪ್‌ನ ಪುಟ. ಹಾಡನ್ನು ತಂಡದ ಹೆಸರಿನಲ್ಲಿ ಏರಿಸಿದರೆ ಕೇಳಿದವರ ಲೆಕ್ಕ, ಹಿಂಬಾಲಕರು, ಜಾಹೀರಾತಿನ ಹಣ ಎಲ್ಲವೂ ತಂಡದ ಪುಟಕ್ಕೇ ಸಲ್ಲುತ್ತದೆ. ಒಬ್ಬ ಹುಡುಗ ಐದು ವರ್ಷ ಅಲ್ಲಿ ಅತ್ಯುತ್ತಮ ಸಾಲುಗಳನ್ನು ಬರೆದಿರಬಹುದು. ಅವನ ಹೆಸರಿನ ಪುಟ ಖಾಲಿಯಾಗಿಯೇ ಇರುತ್ತದೆ. ಸ್ವಂತ ಹಾಡು ಬಿಟ್ಟ ದಿನ ಆ್ಯಪ್ ಯಾರಿಗೂ ಸೂಚನೆ ಕಳಿಸುವುದಿಲ್ಲ, ಏಕೆಂದರೆ ಕಳಿಸಲು ಹಿಂಬಾಲಕರೇ ಇಲ್ಲ. ಯಂತ್ರದ ದೃಷ್ಟಿಯಲ್ಲಿ ಅವನು ನಿನ್ನೆ ಹುಟ್ಟಿದವನು.

ಅತಿಥಿಯಾಗಿ ಹಾಡುವುದರಲ್ಲಿಯೂ ಇದೇ ಸೂಕ್ಷ್ಮವಿದೆ. 2015ರ ಆ ಪ್ರಸಿದ್ಧ ಹಾಡು ದಾಖಲೆಯಲ್ಲಿ ಡಿವೈನ್ ಅವರದು, ನೇಝಿ ಅದರಲ್ಲಿ ಅತಿಥಿ. ಕೇಳುವ ಕಿವಿಗೆ ಸಮಪಾಲು, ಕಡತದಲ್ಲಿ ಅಲ್ಲ. ಇಬ್ಬರ ದಾರಿ ಬೇರೆಯಾದದ್ದಕ್ಕೆ ಇದೊಂದೇ ಕಾರಣ ಎಂದರೆ ತಪ್ಪಾಗುತ್ತದೆ. ನೇಝಿ ಚಿತ್ರ ತಯಾರಾಗುತ್ತಿದ್ದ ಹೊತ್ತಿನಲ್ಲೇ ಕೆಲಕಾಲ ಹಾಡಿನಿಂದ ದೂರ ಸರಿದಿದ್ದರು. ಕಡತ ನಿಮ್ಮ ಹೆಸರಿನಲ್ಲಿಲ್ಲದಿದ್ದಾಗ ಮೌನದ ಬೆಲೆ ದುಬಾರಿಯಾಗುತ್ತದೆ ಎಂಬುದು ಮಾತ್ರ ಸ್ಪಷ್ಟ.

ಇದಕ್ಕೆ ತಿರುಗುಮುರುಗಾದ ಉದಾಹರಣೆ ಎಮಿವೇ ಬಂಟಾಯ್. ಅವರು ಮೊದಲಿನಿಂದಲೂ ಒಂದೇ ಹೆಸರು, ಒಂದೇ ಚಾನೆಲ್ ಎಂಬ ಹಟ ಹಿಡಿದರು, ಬಿಡದೆ ಹಾಡು ಹೊರತಂದರು. 2018ರಲ್ಲಿ ದೊಡ್ಡ ಹೆಸರುಗಳನ್ನು ಕೆಣಕಿ ಹಾಡು ಬರೆದಾಗ ಜಗಳ ನೋಡಲು ಬಂದವರೆಲ್ಲ ಅವರ ಅಂಗಳದಲ್ಲೇ ನಿಂತು ನೋಡಬೇಕಾಯಿತು. ಸಾಹಿತ್ಯದ ತೂಕದಲ್ಲಿ ಅವರಿಗಿಂತ ಮೇಲಿನವರು ಮುಂಬಯಿಯಲ್ಲಿ ಹಲವರಿದ್ದರು ಎಂದು ವಾದಿಸಬಹುದು, ನಾನೂ ವಾದಿಸುತ್ತೇನೆ. ಆದರೆ ಅಂಗಳ ಯಾರದು ಎಂಬ ಪ್ರಶ್ನೆಗೆ ಅವರಷ್ಟು ಸ್ಪಷ್ಟವಾಗಿ ಉತ್ತರಿಸಿಕೊಂಡವರು ಕಡಿಮೆ.

ಸಿನಿಮಾ ಈ ಗೊಂದಲವನ್ನು ಇನ್ನೊಂದು ಬಗೆಯಲ್ಲಿ ಹೆಚ್ಚಿಸಿತು. 'ಗಲ್ಲಿ ಬಾಯ್'ನ 18 ಹಾಡುಗಳಲ್ಲಿ ಗಲ್ಲಿಯ ಹಲವರ ದುಡಿಮೆಯಿದೆ. ದೇಶವೇ ಹಾಡಿದ 'ಅಪ್ನಾ ಟೈಮ್ ಆಯೇಗಾ' ಬರೆದವರು ಡಿವೈನ್ ಮತ್ತು ಅಂಕುರ್ ತಿವಾರಿ, ಅದಕ್ಕೆ ಅವರಿಗೆ ಫಿಲ್ಮ್‌ಫೇರ್ ಪ್ರಶಸ್ತಿಯೂ ಬಂತು. ಆದರೆ ದನಿ ರಣವೀರ್ ಸಿಂಗ್ ಅವರದು, ಪರದೆಯ ಮೇಲಿನ ಮುಖವೂ ಅವರದೇ. ನಮ್ಮ ಕಾಲ ಬರುತ್ತದೆ ಎಂಬ ಹಾಡು ಆಗಲೇ ಕಾಲ ಬಂದಿದ್ದವರ ಬಾಯಲ್ಲಿ ಊರೂರು ಸುತ್ತಿತು.

ಸ್ಟೇಟನ್ ಐಲೆಂಡ್‌ನ ಸರದಿ ಸಾಲು

ಈ ಸಮಸ್ಯೆ ನಮ್ಮದಷ್ಟೇ ಅಲ್ಲ. ಇದನ್ನು ಎಲ್ಲರಿಗಿಂತ ಮೊದಲೇ ಊಹಿಸಿ ಬಗೆಹರಿಸಲು ನೋಡಿದ್ದು ನ್ಯೂಯಾರ್ಕಿನ ಸ್ಟೇಟನ್ ಐಲೆಂಡ್‌ನ ವು-ಟ್ಯಾಂಗ್ ಕ್ಲಾನ್. ಒಂಬತ್ತು ಮಂದಿಯ ಈ ತಂಡದ ಮೊದಲ ಆಲ್ಬಮ್ ಬಂದದ್ದು 1993ರಲ್ಲಿ. ತಂಡದ ಮುಖಂಡ ರಿಝಾ ಲೌಡ್ ರೆಕಾರ್ಡ್ಸ್ ಜೊತೆ ಮಾಡಿಕೊಂಡ ಒಪ್ಪಂದದಲ್ಲಿ ಆ ಕಾಲಕ್ಕೆ ಅಪರೂಪವಾದ ಒಂದು ಷರತ್ತಿತ್ತು: ತಂಡ ಲೌಡ್‌ಗೆ ಸೇರಿದ್ದಾದರೂ ಸದಸ್ಯರು ಬೇರೆ ಯಾವ ಕಂಪನಿಯ ಜೊತೆ ಬೇಕಾದರೂ ಒಂಟಿಯಾಗಿ ಸಹಿ ಹಾಕಬಹುದು. ಮೆಥಡ್ ಮ್ಯಾನ್ ಡೆಫ್ ಜಾಮ್‌ಗೆ, ಜಿಝಾ ಗೆಫೆನ್‌ಗೆ, ಓಲ್ ಡರ್ಟಿ ಬಾಸ್ಟರ್ಡ್ ಎಲೆಕ್ಟ್ರಾಗೆ ಹೋದರು. ಹೋದಲ್ಲೆಲ್ಲ ತಂಡದ ಹೆಸರನ್ನೂ ಹೊತ್ತರು.

ಇಷ್ಟು ಒಳ್ಳೆಯ ಏರ್ಪಾಡಿನಲ್ಲೂ ಸರದಿ ಎಂಬುದೊಂದು ಉಳಿಯಿತು. ಬೀಟ್ ಕಟ್ಟುವವನು ಹೆಚ್ಚಾಗಿ ಒಬ್ಬನೇ, ರಿಝಾ. ಅವನ ಕೈ ಒಂದು ಸಲಕ್ಕೆ ಒಬ್ಬರಿಗೆ. ಮೆಥಡ್ ಮ್ಯಾನ್ ಆಲ್ಬಮ್ 1994ರಲ್ಲಿ, ಡರ್ಟಿ, ರೇಕ್ವಾನ್, ಜಿಝಾ ಆಲ್ಬಮ್‌ಗಳು 1995ರಲ್ಲಿ, ಗೋಸ್ಟ್‌ಫೇಸ್ ಆಲ್ಬಮ್ 1996ರಲ್ಲಿ ಬಂದವು. ತಂಡದಲ್ಲಿ ಪದ ಕಟ್ಟುವುದರಲ್ಲಿ ಯಾರಿಗೂ ಕಡಿಮೆಯಿಲ್ಲದ ಇನ್‌ಸ್ಪೆಕ್ಟಾ ಡೆಕ್ ಸರದಿಗೆ ಕಾದರು. ರಿಝಾ ಅವರ ನೆಲಮಾಳಿಗೆಯ ಸ್ಟುಡಿಯೋಗೆ ನೀರು ನುಗ್ಗಿ, ಡೆಕ್‌ಗಾಗಿ ತೆಗೆದಿರಿಸಿದ್ದ ಬೀಟ್‌ಗಳು ನಾಶವಾದವು. ಅವರ ಆಲ್ಬಮ್ ಬಂದದ್ದು 1999ರಲ್ಲಿ. ಮಸ್ತಾ ಕಿಲ್ಲಾ ಪಾಲಿಗೆ 2004 ಆಯಿತು. ಮೊದಲು ಹೋದವರಿಗೂ ಕೊನೆಗೆ ಹೋದವರಿಗೂ ಹತ್ತು ವರ್ಷಗಳ ಅಂತರ. ಅಷ್ಟರಲ್ಲಿ ಜನರ ರುಚಿ, ಅಂಗಡಿಯ ಲೆಕ್ಕ, ರೇಡಿಯೋದ ಸದ್ದು ಎಲ್ಲವೂ ಬದಲಾಗಿದ್ದವು. 1997ರ ತಂಡದ ಹಾಡೊಂದರಲ್ಲಿ ಡೆಕ್ ಹಾಡಿದ ಪಾಲನ್ನು ರಸಿಕರು ಇಂದಿಗೂ ಕಂಠಪಾಠವಾಗಿ ಒಪ್ಪಿಸುತ್ತಾರೆ, ಆದರೆ ಅವರ ಸ್ವಂತ ಆಲ್ಬಮ್‌ನ ಹೆಸರು ಕೇಳಿದರೆ ತಡವರಿಸುತ್ತಾರೆ.

ನಮ್ಮ ತಂಡಗಳಲ್ಲೂ ಬೀಟ್ ಕಟ್ಟಬಲ್ಲವನು ಒಬ್ಬನೋ ಇಬ್ಬರೋ. ಅವನು ಯಾರ ಜೊತೆ ಮೊದಲು ಕೂರುತ್ತಾನೆ ಎಂಬುದು ಗೆಳೆತನ, ಹಣ, ಅಂದಿನ ಬಿಸಿ ಇವುಗಳ ಮೇಲೆ ನಿಲ್ಲುತ್ತದೆ. ಉಳಿದವರು ಅಂತರ್ಜಾಲದಲ್ಲಿ ಬಾಡಿಗೆಗೆ ಸಿಗುವ ಬೀಟ್ ತರುತ್ತಾರೆ. ಅದೇ ಬೀಟನ್ನು ಇನ್ನೂ ನಲವತ್ತು ಮಂದಿ ಬಾಡಿಗೆಗೆ ಪಡೆದಿರಬಹುದು. ಅಮೆರಿಕದ ಲಿಲ್ ನಾಸ್ ಎಕ್ಸ್ 30 ಡಾಲರ್‌ಗೆ ಕೊಂಡ ಬೀಟ್ ಮೇಲೆ ಜಗತ್ತನ್ನೇ ಗೆದ್ದರು ಎಂಬ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಲಾಟರಿ ಹೊಡೆದವನ ಕಥೆಯನ್ನೂ ಎಲ್ಲರೂ ಹೇಳುತ್ತಾರೆ.

ಸಹಿ ಹಾಕಿದ ಕಾಗದ

ಈಗ ಕಂಪನಿಗಳ ಮಾತು. ಕಂಪನಿ ಹಾಡಿಗೆ ಮುಂಗಡ ಹಣ ಕೊಡುತ್ತದೆ, ವಿಡಿಯೋ ಮಾಡಿಸುತ್ತದೆ, ಪ್ರತಿಯಾಗಿ ಧ್ವನಿಮುದ್ರಿಕೆಯ ಒಡೆತನ ಪಡೆಯುತ್ತದೆ. ಒಪ್ಪಂದ ಇಷ್ಟು ವರ್ಷ ಅಥವಾ ಇಷ್ಟು ಹಾಡು ಎಂದು ಕಟ್ಟಿಹಾಕುತ್ತದೆ. ಕಂಪನಿಯೊಳಗೆ ಒಬ್ಬ ಅಧಿಕಾರಿ ಆ ಹುಡುಗನನ್ನು ಮೆಚ್ಚಿ ತಂದಿರುತ್ತಾನೆ. ಆ ಅಧಿಕಾರಿ ಕೆಲಸ ಬಿಟ್ಟರೆ ಹುಡುಗನ ಹಾಡು ಕಪಾಟಿನಲ್ಲಿ ಕೂರುತ್ತದೆ. ಬಿಡುಗಡೆಯೂ ಇಲ್ಲ, ಬಿಡುಗಡೆ ಪತ್ರವೂ ಇಲ್ಲ. ಇದು ಮೋಸ ಎಂದು ಹೊರಗಿನವರಿಗೆ ಕಾಣುತ್ತದೆ. ಬಹುಪಾಲು ಸಂದರ್ಭದಲ್ಲಿ ಇದು ಅಷ್ಟು ದೊಡ್ಡ ಸಂಚಲ್ಲ, ಬರೀ ಅಲಕ್ಷ್ಯ. ಹುಡುಗನ ಪಾಲಿಗೆ ವ್ಯತ್ಯಾಸವೇನೂ ಇಲ್ಲ.

ಕಾನೂನು ಕಲಾವಿದನ ಪರವಾಗಿ ಕೆಲವು ಮಾತು ಹೇಳುತ್ತದೆ, ಅವು ಗಲ್ಲಿಗೆ ತಲುಪಿರುವುದು ಕಡಿಮೆ. 1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ತಂದ ತಿದ್ದುಪಡಿಯ ಪ್ರಕಾರ ಹಾಡಿನ ಸಾಹಿತ್ಯ ಬರೆದವರಿಗೆ ಮತ್ತು ಸಂಗೀತ ಕಟ್ಟಿದವರಿಗೆ ರಾಯಧನದಲ್ಲಿ ಸಮಪಾಲಿನ ಹಕ್ಕಿದೆ. ಈ ಹಕ್ಕನ್ನು ವಾರಸುದಾರರಿಗೆ ಅಥವಾ ಕೃತಿಸ್ವಾಮ್ಯ ಸಂಘಕ್ಕೆ ಹೊರತು ಬೇರೆ ಯಾರಿಗೂ ಬರೆದುಕೊಡುವಂತಿಲ್ಲ; ಬರೆದುಕೊಟ್ಟರೂ ಅದು ಊರ್ಜಿತವಲ್ಲ. ರ‍್ಯಾಪರ್ ಹಾಡುಗಾರನಷ್ಟೇ ಅಲ್ಲ, ಸಾಹಿತ್ಯಕಾರನೂ ಹೌದು. ಹಾಗಾಗಿ ಇದು ಅವನಿಗೆ ನೇರವಾಗಿ ಅನ್ವಯಿಸುತ್ತದೆ. ಹಕ್ಕು ಹಸ್ತಾಂತರದ ಪತ್ರದಲ್ಲಿ ಅವಧಿ ಬರೆಯದಿದ್ದರೆ ಅದು ಐದು ವರ್ಷ ಎಂದೇ ಕಾಯ್ದೆ ಭಾವಿಸುತ್ತದೆ. ಪಡೆದ ಹಕ್ಕನ್ನು ಒಂದು ವರ್ಷ ಬಳಸದಿದ್ದರೆ, ಪತ್ರದಲ್ಲಿ ಬೇರೆ ಮಾತಿಲ್ಲದಿದ್ದರೆ, ಆ ಹಸ್ತಾಂತರ ಬಿದ್ದುಹೋಗುತ್ತದೆ. ಕಂಪನಿಯ ವಕೀಲರಿಗೆ ಇವೆಲ್ಲ ಬಾಯಿಪಾಠ, ಆದ್ದರಿಂದ ಪತ್ರದಲ್ಲಿ 'ಬೇರೆ ಮಾತು' ಇದ್ದೇ ಇರುತ್ತದೆ.

ರಾಯಧನ ಕೈಗೆ ಬರಬೇಕಾದರೆ ಹಾಡನ್ನು ಮುಂಬಯಿಯಲ್ಲೇ ಇರುವ ಐಪಿಆರ್‌ಎಸ್‌ನಂಥ ಕೃತಿಸ್ವಾಮ್ಯ ಸಂಘದಲ್ಲಿ ನೋಂದಾಯಿಸಬೇಕು, ಯಾರು ಎಷ್ಟು ಬರೆದರು ಎಂಬ ಪಾಲನ್ನೂ ನಮೂದಿಸಬೇಕು. ಐವರು ಕೂತು ಒಂದೇ ರಾತ್ರಿಯಲ್ಲಿ ಬರೆದ ಹಾಡಿಗೆ ಆ ಪಾಲನ್ನು ಬೆಳಗಿನ ಹೊತ್ತು ಬರೆದಿಡುವ ತಂಡ ಎಷ್ಟು? ದೆಹಲಿಯ ಮಾಫಿಯಾ ಮುಂಡೀರ್ ತಂಡದಿಂದ ಹನಿ ಸಿಂಗ್, ಬಾದಶಾ, ರಫ್ತಾರ್ ಮೂವರೂ ತಾರೆಗಳಾದರು, ತಂಡ ಮಾತ್ರ ಉಳಿಯಲಿಲ್ಲ. ಯಾರ ಶ್ರಮಕ್ಕೆ ಯಾರ ಹೆಸರು ಎಂಬ ತಗಾದೆ ಇಂದಿಗೂ ಸಂದರ್ಶನಗಳಲ್ಲಿ ಇಣುಕುತ್ತದೆ.

ಸಣ್ಣ ಕಲಾವಿದರಿಗೆ ಇನ್ನೊಂದು ಹೊಡೆತ 2024ರಿಂದ ಬಿದ್ದಿದೆ. ಹನ್ನೆರಡು ತಿಂಗಳಲ್ಲಿ ಕನಿಷ್ಠ 1,000 ಬಾರಿ ಕೇಳಿಸಿಕೊಳ್ಳದ ಹಾಡಿಗೆ ಸ್ಪಾಟಿಫೈ ಧ್ವನಿಮುದ್ರಿಕೆಯ ರಾಯಧನ ಕೊಡುವುದಿಲ್ಲ. ಅದೇ ವರ್ಷ ಹಾಡು ಕೇಳಿಸುವ ಆ್ಯಪ್ ರೆಸ್ಸೋ ಮತ್ತು ವಿಂಕ್ ಬಾಗಿಲು ಮುಚ್ಚಿದವು. ಬಾಗಿಲುಗಳು ಕಡಿಮೆಯಾದಾಗ ಉಳಿದ ಬಾಗಿಲಿನ ಮುಂದೆ ನೂಕುನುಗ್ಗಲು ಹೆಚ್ಚುತ್ತದೆ.

ಭಾಷೆಯ ಸುಂಕ

ಮುಂಬಯಿ ಕನ್ನಡಿಗರಿಗೆ ಹತ್ತಿರದ ಕಾರಣ ಇದು. ಇಲ್ಲಿನ ತಂಡಗಳ ಚೆಲುವೇ ಬಹುಭಾಷೆ. ಡೋಪಡೆಲಿಕ್ಸ್ ಹಾಡಿನಲ್ಲಿ ಹಿಂದಿಯಿಂದ ತಮಿಳಿಗೆ ಜಿಗಿಯುವ ಕ್ಷಣದಲ್ಲಿ ಧಾರಾವಿಯೇ ಮಾತನಾಡಿದಂತಾಗುತ್ತದೆ. ಸ್ವದೇಸಿ ತಂಡದ ಎಂಸಿ ತೋಡ್‌ಫೋಡ್ ಗುಜರಾತಿಯಲ್ಲಿ ಹರಿಸುತ್ತಿದ್ದ ವೇಗ ಬೇರೆಲ್ಲೂ ಸಿಗದಂಥದ್ದು. ಅವರು 2022ರ ಮಾರ್ಚ್‌ನಲ್ಲಿ 24ರ ವಯಸ್ಸಿಗೇ ತೀರಿಕೊಂಡರು. ಗುಂಪಿನಲ್ಲಿ ಈ ಭಾಷೆಗಳು ಒಗ್ಗರಣೆಯಂತೆ. ಅರ್ಥವಾಗದ 43 ಸೆಕೆಂಡನ್ನು ಕೇಳುಗರು ಸಂತೋಷವಾಗಿ ಒಪ್ಪುತ್ತಾರೆ, ಏಕೆಂದರೆ ಹಿಂದೆ ಮುಂದೆ ಹಿಂದಿ ಇರುತ್ತದೆ. ಒಂಟಿ ಹಾಡಿನಲ್ಲಿ ಒಗ್ಗರಣೆಯೇ ಊಟವಾಗಬೇಕು.

ಆಗ ಎರಡೇ ದಾರಿ. ಒಂದು, ಹಿಂದಿಗೆ ಹೊರಳುವುದು. ಆದರೆ ಅವನ ಚುರುಕು ಇದ್ದದ್ದೇ ಮನೆಮಾತಿನಲ್ಲಿ. ಇನ್ನೊಂದು, ಆ ಭಾಷೆಯ ನಾಡಿಗೆ ಹೋಗುವುದು. ಧಾರಾವಿಯ ತಮಿಳು ಹುಡುಗರಿಗೆ ಚೆನ್ನೈ ಚಿತ್ರರಂಗ ಬಾಗಿಲು ತೆರೆಯಿತು. 2018ರ 'ಕಾಲಾ' ಚಿತ್ರದಲ್ಲಿ ಡೋಪಡೆಲಿಕ್ಸ್ ದನಿಯಿದೆ, ಏಕೆಂದರೆ ಕಥೆಯೇ ಧಾರಾವಿಯದು. ಮರಾಠಿಯವರಿಗೆ ಪುಣೆಯಿದೆ, ಸುತ್ತ ನಾಡಿದೆ.

ಕನ್ನಡದ ಹುಡುಗನ ಸ್ಥಿತಿ ಇಕ್ಕಟ್ಟಿನದು. ಕಲಬುರಗಿ, ಯಾದಗಿರಿ ಕಡೆಯಿಂದ ಧಾರಾವಿಗೆ ಬಂದ ಮನೆಯ ಮಗನ ಮಾತು ಉತ್ತರದ ಗಡಸು ಕನ್ನಡ, ಅದರಲ್ಲಿ ಮರಾಠಿ ಬೆರೆತಿದೆ. ಕರಾವಳಿಯಿಂದ ಬಂದ ಹೋಟೆಲು ಮನೆತನದ ಮಗನಿಗೆ ಮನೆಯಲ್ಲಿ ತುಳು, ಸಂಘದ ಸಭೆಯಲ್ಲಿ ಕನ್ನಡ, ಗೆಳೆಯರ ಜೊತೆ ಬಂಬಯ್ಯಾ ಹಿಂದಿ. ಬೆಂಗಳೂರಿನಲ್ಲಿ ಕನ್ನಡ ರ‍್ಯಾಪ್‌ಗೆ ತನ್ನದೇ ಮಾರುಕಟ್ಟೆ, ತನ್ನದೇ ನುಡಿಗಟ್ಟು ಬೆಳೆದಿದೆ. ಚಂದನ್ ಶೆಟ್ಟಿ, ಆಲ್ ಓಕೆ ಅವರಂಥವರಿಗೆ ಚಿತ್ರರಂಗವೂ ಆಸರೆಯಾಗಿ ನಿಂತಿದೆ. ಅಲ್ಲಿ ಮುಂಬಯಿಯ ಕನ್ನಡ ಹೊರಗಿನದಾಗಿ ಕೇಳಿಸುತ್ತದೆ. ಇಲ್ಲಿ ಅದು ಯಾರಿಗೂ ಕೇಳಿಸುವುದೇ ಇಲ್ಲ. ಹೀಗಾಗಿ ಅವನು ತನ್ನ ಅತ್ಯುತ್ತಮ ನುಡಿಯನ್ನು ಗುಂಪಿನ ಹಾಡಿನ ಎಂಟು ಸಾಲಿಗೆ ಮೀಸಲಿಟ್ಟು, ಒಂಟಿ ಹಾಡಿನಲ್ಲಿ ಎರಡನೆಯ ದರ್ಜೆಯ ಹಿಂದಿ ಬರೆಯುತ್ತಾನೆ. ಕೇಳಿದವರು 'ಗುಂಪಿನಲ್ಲಿದ್ದಾಗಿನ ಖಾರ ಇಲ್ಲ' ಎನ್ನುತ್ತಾರೆ. ಅವರು ಹೇಳುವುದು ಸರಿಯೇ.

ಟಿ.ವಿ. ಎಂಬ ಒಳದಾರಿ

ಹಸಲ್ ಗೆದ್ದವರೇ ತಾರೆಗಳಾಗಬೇಕಲ್ಲವೇ ಎಂಬುದು ಇನ್ನೊಂದು ಗೊಂದಲ. ಮೊದಲ ಆವೃತ್ತಿಯನ್ನು ಗೆದ್ದವರು ಎಂ ಝೀ ಬೆಲ್ಲಾ. ಅದೇ ಆವೃತ್ತಿಯಲ್ಲಿ ಗೆಲ್ಲದೆ ಹೊರಬಂದ ದೆಹಲಿಯ ಕಿಂಗ್ 2022ರ ಹೊತ್ತಿಗೆ ದೇಶದ ಅತಿ ಹೆಚ್ಚು ಕೇಳಿಸಿಕೊಳ್ಳುವ ಗಾಯಕರ ಸಾಲಿನಲ್ಲಿದ್ದರು. ತೀರ್ಪುಗಾರರು ಅಳೆಯುವುದು ವಾರಕ್ಕೊಂದು ಹೊಸ ಸಾಹಸವನ್ನು, ಅಂದರೆ ಮತ್ತೆ ಅದೇ 43 ಸೆಕೆಂಡಿನ ಕಸುಬನ್ನು. ಕಿಂಗ್ ಗೆದ್ದದ್ದು ಹುಕ್‌ನಿಂದ, ರಾಗದಿಂದ. ಅವರನ್ನು ರ‍್ಯಾಪರ್ ಎನ್ನಬೇಕೇ ಎಂದು ಜಗಳ ತೆಗೆಯುವವರಿದ್ದಾರೆ. ಆ ಜಗಳದಲ್ಲೇ ಉತ್ತರದ ಅರ್ಧ ಭಾಗವಿದೆ.

ಪುಣೆಯ ಎಂಸಿ ಸ್ಟಾನ್ 2023ರ ಫೆಬ್ರವರಿಯಲ್ಲಿ ಬಿಗ್ ಬಾಸ್ 16 ಗೆದ್ದಾಗ ಟಿ.ವಿ. ಅವರನ್ನು ತಾರೆ ಮಾಡಿತು ಎಂದರು. ಅದು ತಿರುವುಮುರುವಾದ ಮಾತು. ತಾಡಿವಾಲಾ ರಸ್ತೆಯ ಬಸ್ತಿಯ ಮಾತನ್ನು, ವೇಷವನ್ನು, ಸಿಟ್ಟನ್ನು ಅವರು 2020ರ 'ತಡಿಪಾರ್' ಆಲ್ಬಮ್ ಹೊತ್ತಿಗೇ ಒಂದು ಪಾತ್ರವಾಗಿ ಕಟ್ಟಿದ್ದರು. ಮತ ಹಾಕಿದ್ದು ಆ ಪಾತ್ರದ ಹಿಂದೆ ಆಗಲೇ ನಿಂತಿದ್ದ ಪಡೆ. ಗುಂಪಿನಲ್ಲಿ ಬೆಳೆದವನಿಗೆ ಇಂಥ ಪಾತ್ರ ಸುಲಭವಾಗಿ ದಕ್ಕುವುದಿಲ್ಲ. ಅಲ್ಲಿ ಪಾತ್ರಗಳು ಹಂಚಿಹೋಗಿರುತ್ತವೆ. ಒಬ್ಬ ಸಿಡುಕ, ಒಬ್ಬ ಹಾಸ್ಯಗಾರ, ಒಬ್ಬ ವೇದಾಂತಿ. ವೇದಾಂತಿಯನ್ನು ಒಬ್ಬನೇ ತಂದು ನಿಲ್ಲಿಸಿದರೆ ನಗಿಸುವವನೆಲ್ಲಿ ಎಂದು ಜನ ಹುಡುಕುತ್ತಾರೆ.

ಬೇಡವೆನ್ನುವವರು

ಈ ಇಡೀ ಪ್ರಶ್ನೆಯನ್ನೇ ಒಪ್ಪದ ಒಂದು ಪಕ್ಷವಿದೆ. ಒಂಟಿ ತಾರೆಯಾಗದಿರುವುದು ಸೋಲೆಂದು ಯಾರು ಹೇಳಿದರು ಎಂಬುದು ಅವರ ವಾದ. ಸ್ವದೇಸಿ ತಂಡ 2019ರಲ್ಲಿ ಆರೆ ಕಾಡಿನ ಆದಿವಾಸಿ ಕಲಾವಿದ ಪ್ರಕಾಶ್ ಭೋಯಿರ್ ಅವರೊಂದಿಗೆ ಸೇರಿ ವಾರ್ಲಿ ಆದಿವಾಸಿಗಳ ಪರವಾಗಿ ಹಾಡಿದಾಗ ಅದರಲ್ಲಿ ನಾಯಕ ಯಾರು ಎಂಬ ಪ್ರಶ್ನೆಯೇ ಏಳಲಿಲ್ಲ. ಅಂಥ ಹಾಡನ್ನು ಒಬ್ಬ ತಾರೆ ತನ್ನ ಹೆಸರಿನಲ್ಲಿ ಹಾಡಿದ್ದರೆ ಅದರ ತೂಕ ಕಡಿಮೆಯಾಗುತ್ತಿತ್ತು. ಈ ವಾದಕ್ಕೆ ಬಲವಿದೆ. ಆದರೆ ಬೇಡವೆಂದು ಬಿಟ್ಟವರೂ ಸಿಗದೆ ಬಿಟ್ಟವರೂ ಹೊರಗಿನಿಂದ ಒಂದೇ ತೆರನಾಗಿ ಕಾಣುತ್ತಾರೆ, ಬಾಡಿಗೆ ಇಬ್ಬರೂ ಕಟ್ಟಬೇಕು.

ಪ್ರತಿಭೆ ಸಾಲದು ಎನ್ನುವವರಿಗೆ ಹೇಳಬೇಕಾದದ್ದು, ನೀವು ಅಳೆಯುತ್ತಿರುವುದು ಎರಡು ಬೇರೆ ಪ್ರತಿಭೆಗಳನ್ನು ಎಂಬುದು. ಕಂಪನಿ ತುಳಿಯಿತು ಎನ್ನುವವರಿಗೆ, ಕಂಪನಿಯ ಮೆಟ್ಟಿಲು ಹತ್ತುವ ಮೊದಲೇ ಯೂಟ್ಯೂಬ್ ಚಾನೆಲ್ ಯಾರ ಹೆಸರಿನಲ್ಲಿತ್ತು ಎಂದು ಕೇಳಬೇಕು.

ಮುಂದೆ ಏನಾಗಬಹುದು?

ಹೊಸ ತಲೆಮಾರಿನ ಹುಡುಗರು ಇದನ್ನೆಲ್ಲ ನೋಡಿ ಕಲಿತಿದ್ದಾರೆ. ಮೊದಲ ಹಾಡಿನಿಂದಲೇ ಸ್ವಂತ ಹೆಸರು, ಸ್ವಂತ ಪುಟ; ಗುಂಪು ಎಂಬುದು ಆಗಾಗ ಸೇರುವ ನೆಂಟಸ್ತಿಕೆ. ಗೋವಾದ ತ್ಸುಮ್ಯೋಕಿ ಗಲ್ಲಿ ಗ್ಯಾಂಗ್ ಸೇರಿದ್ದು ಮುಂಬಯಿಯ ಯಾವುದೋ ತಂಡದ ಐದನೆಯವನಾಗಿ ಅಲ್ಲ, ತನ್ನ ಹೆಸರಿನ ಒಂಟಿ ಕಲಾವಿದನಾಗಿ. ಬೆಂಗಳೂರಿನಲ್ಲಿ ನೆಲೆಸಿರುವ ಹನುಮಾನ್‌ಕೈಂಡ್ 2024ರಲ್ಲಿ ಒಬ್ಬ ಬೀಟ್ ನಿರ್ಮಾಪಕನ ಜೊತೆ ಮಾಡಿದ ಒಂದೇ ಹಾಡಿನಿಂದ ಬಿಲ್‌ಬೋರ್ಡ್ ಹಾಟ್ 100 ಪಟ್ಟಿ ಸೇರಿದ್ದು ಈ ಒಲವನ್ನು ಇನ್ನಷ್ಟು ಗಟ್ಟಿ ಮಾಡಿದೆ. ಇಬ್ಬರು ಸಾಕು ಎಂಬುದು ಈಗಿನ ಲೆಕ್ಕ.

ಇದರ ಪರಿಣಾಮ ಎರಡು ಬಗೆ. ಹಣದ ಪಾಲು ಸ್ಪಷ್ಟವಾಗುತ್ತದೆ, ನೋಂದಣಿ ಸುಲಭವಾಗುತ್ತದೆ, ಮೂವತ್ತು ದಾಟಿದ ಮೇಲೆ ಕೈಚೆಲ್ಲಿ ಕೂರುವವರ ಸಂಖ್ಯೆ ತಗ್ಗಬಹುದು. ಇನ್ನೊಂದು ಕಡೆ, ಒಬ್ಬರನ್ನೊಬ್ಬರು ಕೆಣಕಿ ಕಲಿಯುವ ಸೈಫರ್ ಸೊರಗುತ್ತದೆ. ಮುಂಬಯಿಯ ಸಣ್ಣ ಭಾಷೆಗಳಿಗೆ ಇದ್ದ ಒಂದೇ ಜಾಗ ಗುಂಪಿನ ಹಾಡಿನ ಆ ಎಂಟು ಸಾಲು. ಗುಂಪು ತೆಳುವಾದರೆ ಮೊದಲು ಬಿದ್ದುಹೋಗುವುದೂ ಅದೇ. ಗೀಗೀ ಮೇಳದಲ್ಲಿ ಮುಂದೆ ನಿಂತು ಡಪ್ಪು ಹಿಡಿದವನ ದನಿಗೆ ಹಿಂದಿನಿಂದ ಗೀ ಗೀ ಎಂದು ಎತ್ತಿಕೊಡುವವರು ಬೇಕು. ರ‍್ಯಾಪ್ ವೇದಿಕೆಯಲ್ಲಿ ಆ ಕೆಲಸವನ್ನು ಗೆಳೆಯನೊಬ್ಬ ಎರಡನೆಯ ಮೈಕು ಹಿಡಿದು ಮಾಡುತ್ತಿದ್ದ, ಸಾಲಿನ ಕೊನೆಯ ಪದವನ್ನು ತಾನೂ ಕೂಗಿ ಹಾಡುವವನಿಗೆ ಉಸಿರೆಳೆಯಲು ಬಿಡುವು ಕೊಡುತ್ತಿದ್ದ. ಈಗ ಹಲವು ವೇದಿಕೆಗಳಲ್ಲಿ ಆ ಪದಗಳು ಮೊದಲೇ ಮುದ್ರಿಸಿಟ್ಟ ಧ್ವನಿಯಾಗಿ ಲ್ಯಾಪ್‌ಟಾಪ್‌ನಿಂದ ಬರುತ್ತವೆ. ಎರಡನೆಯ ಮೈಕಿನ ಗೆಳೆಯ ಮನೆಯಲ್ಲಿ ಕೂತು ತನ್ನದೇ ಹೆಸರಿನ ಪುಟಕ್ಕೆ ಹಾಡು ಏರಿಸುತ್ತಿದ್ದಾನೆ.